ಕುವೈತಿನ ಫೋನಿಗೆ ಕಾದ ಹಂಗಾಮು

ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದವರಿಗೆ ಊರು ಕಾಣುವ ಮೊದಲು ಸೀನು ಬರುತ್ತದೆ. ನಾನು ಇಲ್ಲೇ ಹುಟ್ಟಿ ಬೆಳೆದವಳು. ಆದರೂ ಹೋದ ಫೆಬ್ರವರಿಯಲ್ಲಿ ರೈಲಿನಿಂದ ಕಾಲು ಕೆಳಗಿಟ್ಟ ಕೂಡಲೇ ಒಂದರ ಹಿಂದೊಂದು ಸೀನತೊಡಗಿದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕರವಸ್ತ್ರ ಮುಂದೆ ಹಿಡಿದು, "ಈ ಊರಿಗೆ ಹೊಸಬರೇನ್ರಿ ಆಂಟಿ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ನಿನ್ನ ಅಜ್ಜಿಯನ್ನು ಕೇಳು, ನಾನು ಯಾರ ಮಗಳು ಅಂತ ಹೇಳುತ್ತಾಳೆ ಅನ್ನಬೇಕೆಂದುಕೊಂಡೆ. ಇನ್ನೊಂದು ಸೀನು ಬಂದು ಆ ಮಾತನ್ನೂ ಹೊತ್ತುಕೊಂಡು ಹೋಯಿತು.

ಹಾವೇರಿಯಲ್ಲಿ ಮನೆ ಮಾಡಿ ವರ್ಷಗಳೇ ಆಗಿವೆ. ಬಂದದ್ದು ಅಪ್ಪನ ಹಳೇ ದಲಾಲಿ ಅಂಗಡಿಯನ್ನು ಕಡೆಯ ಸಲ ನೋಡಲಿಕ್ಕೆ. ತಮ್ಮ ಅದನ್ನು ಕೆಡವಿ ಹೊಸ ಮಳಿಗೆ ಕಟ್ಟಿಸುತ್ತಾನಂತೆ. ಒಳಗೆ ಏನೂ ಉಳಿದಿರಲಿಲ್ಲ. ಗೋಡೆಗೆ ಹೊಡೆದ ಒಂದು ಸಣ್ಣ ಹಲಗೆ, ಅದರ ಪಕ್ಕದಲ್ಲಿ ವೈರು ಹಾಯಿಸಲು ಕೊರೆದ ತೂತು, ಅಷ್ಟೇ. ಆದರೆ ಮೂವತ್ತು ವರ್ಷ ಮೆಣಸಿನಕಾಯಿ ಕಾಣದ ಆ ಖಾಲಿ ಕೋಣೆಯಲ್ಲಿ ಇನ್ನೂ ಘಾಟು ಇತ್ತು. ಹಲಗೆಯ ಮೇಲೆ ಕೈಯಿಟ್ಟು ನಿಂತೆ. ಖಾತುಂಬಿ ಚಾಚಿ ಅಲ್ಲೇ ಕೆಳಗೆ ಚಾಪೆಯ ಮೇಲೆ ಕೂತಿದ್ದಾಳೇನೋ ಅನ್ನಿಸಿತು.

ಚಾಚಿ ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಯಜಮಾನತಿ. ನೇಮಿಸಿದವರು ಯಾರೂ ಅಲ್ಲ, ಆಕೆಯ ಬಾಯಿಯೇ ಆಕೆಯನ್ನು ಆ ಜಾಗದಲ್ಲಿ ಕೂಡಿಸಿತ್ತು. ಹೆಂಗಸರು ರಾಶಿಯ ಸುತ್ತ ಕೂತರೆ ಅವರಲ್ಲಿ ಒಬ್ಬಳು ಮಾತ್ರ ಕಾಯಿ ಮುಟ್ಟಬಾರದು ಎಂಬುದು ಆಕೆಯ ಕಟ್ಟಳೆ. ಆ ಒಬ್ಬಳನ್ನು 'ತಂಪುಗೈಯಾಕಿ' ಎನ್ನುತ್ತಿದ್ದರು. ಬಸುರಿಯೋ ಬಾಣಂತಿಯೋ ಇದ್ದರೆ ಅವಳಿಗೇ ಆ ಪಾಳಿ, ಇಲ್ಲವಾದರೆ ದಿನಕ್ಕೊಬ್ಬಳು. ಕಾಯಿ ಮುಟ್ಟಿದ ಕೈಯಲ್ಲಿ ಕಣ್ಣು ಮುಟ್ಟುವಂತಿಲ್ಲ, ಮೂಗು ತುರಿಸುವಂತಿಲ್ಲ, ಕೂಸನ್ನು ಎತ್ತುವಂತಿಲ್ಲ. ಹಾಗಾಗಿ ಉಳಿದವರಿಗೆ ನೀರು ಕುಡಿಸುವವಳು, ಹಾರುವ ಕೂದಲು ಕಿವಿಯ ಹಿಂದೆ ಸಿಗಿಸುವವಳು, ಸೆರಗಿನ ತುದಿಯಿಂದ ಅವರ ಕಣ್ಣು ಒರೆಸುವವಳು ಅವಳೇ. ಘಾಟಿಗೆ ಬಂದ ನೀರೋ ಮನಸ್ಸಿಗೆ ಬಂದ ನೀರೋ, ಅವಳು ಕೇಳುತ್ತಿರಲಿಲ್ಲ. ಒರೆಸುತ್ತಿದ್ದಳು.

ಅಂಗಡಿಯ ಫೋನು ಎತ್ತುವುದೂ ಅವಳದೇ ಕೆಲಸ. ಅದಕ್ಕೊಂದು ಹಿನ್ನೆಲೆಯಿದೆ. ಹಿಂದೊಮ್ಮೆ ಯಾರೋ ಕಾಯಿ ಬಿಡಿಸಿದ ಕೈಯಲ್ಲೇ ರಿಸೀವರು ಹಿಡಿದಿಟ್ಟಿದ್ದರು. ಅಪ್ಪ ಬಂದು ಅದನ್ನೆತ್ತಿ ಗುಂಟೂರಿನ ವ್ಯಾಪಾರಿಯ ಜೊತೆ ಮಾತಾಡುತ್ತ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ. ಆಮೇಲೆ ಆತ ಅಂಗಡಿ ತುಂಬ ಕುಣಿದದ್ದನ್ನು ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಅಂದು ಆತ ಆಡಿದ ಬೈಗುಳ ಕೇಳಿದ ಮೇಲೆ ಯಾವ ಹೆಂಗಸೂ ಖಾರದ ಕೈಯಲ್ಲಿ ಆ ಫೋನಿನ ಹತ್ತಿರ ಸುಳಿಯಲಿಲ್ಲ.

ಚಾಚಿಯ ಒಬ್ಬನೇ ಮಗ ರಫೀಕ ಕುವೈತಿನಲ್ಲಿ ಡ್ರೈವರ್ ಆಗಿದ್ದ. ಒಂದು ಕಂಪನಿಯ ಕೆಲಸಗಾರರನ್ನು ಬಸ್ಸಿನಲ್ಲಿ ತಂದು ಬಿಡುವುದು ಅವನ ಕೆಲಸ. ಪ್ರತಿ ಶುಕ್ರವಾರ ನಮಾಜು ಮುಗಿಸಿ ನಮ್ಮ ಅಂಗಡಿಗೆ ಫೋನು ಮಾಡುತ್ತಿದ್ದ. ಚಾಚಿ ಮತ್ತು ಸೊಸೆ ಶಮಶಾದ ಊಟ ಮುಗಿಸಿ, ಒಗೆದ ಸೀರೆ ಉಟ್ಟು, ಯಾರದೋ ಮನೆಯ ಕಾರ್ಯಕ್ಕೆ ಬಂದವರಂತೆ ಬಂದು ಕೂರುತ್ತಿದ್ದರು. ಮಾತು ಎರಡು ನಿಮಿಷದ್ದು, ಅದಕ್ಕೆ ಕಾಯುವುದು ಮಧ್ಯಾಹ್ನವೆಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಒಂದು ಗುರುವಾರ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಮರುದಿನ ಶುಕ್ರವಾರ. ಫೋನು ಬರಲಿಲ್ಲ.

ನಾನಾಗ ಹಾವೇರಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ರಾಜ್ಯಶಾಸ್ತ್ರ ನನ್ನ ವಿಷಯ. ವಿಶ್ವಸಂಸ್ಥೆ, ಭದ್ರತಾ ಮಂಡಳಿ, ನಿರ್ಬಂಧ ಎಂಬ ಶಬ್ದಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಿದ್ದವಳಿಗೆ ಅವು ಒಮ್ಮೆಗೇ ನಮ್ಮ ಓಣಿಯ ಮಾತಾದವು. ಸಂಜೆ ಕಾಲೇಜಿನಿಂದ ಬಂದು ಹೆಂಗಸರಿಗೆ ಪೇಪರು ಓದಿ ಹೇಳುವುದು ನನ್ನ ಪಾಲಿಗೆ ಬಂತು. ಕುವೈತು ಎಲ್ಲಿದೆ ಎಂದು, ಚಾಚಿಯ ಪಕ್ಕ ಕೂತು ಕಾಯಿ ಬಿಡಿಸುತ್ತಿದ್ದ ಗಂಗವ್ವ ಕೇಳಿದಾಗ ನೆಲದ ಮೇಲೆ ಮೆಣಸಿನಕಾಯಿಗಳಿಂದಲೇ ನಕಾಶೆ ಮಾಡಿದೆ. ಇದು ಇರಾಕು, ಇದು ಸೌದಿ, ಇಲ್ಲಿ ಅಮೆರಿಕದವರು ದಂಡು ಇಳಿಸುತ್ತಿದ್ದಾರೆ, ಇಲ್ಲಿ ಸಮುದ್ರದಲ್ಲಿ ಹಡಗು ನಿಲ್ಲಿಸಿದ್ದಾರೆ. ಎರಡು ದೊಡ್ಡ ಗುಂಪಿನ ನಡುವೆ ಕುವೈತಿಗೆ ಜಾಗ ಸಾಲದೆ ಒಂದು ತೊಟ್ಟು ಇಟ್ಟೆ. ಚಾಚಿ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟ ಸಣ್ಣದೈತೇನ? ಹಂಗಾರ ನನ್ನ ಮಗ ಎಲ್ಲಿ ನಿಂತಾನು?" ಎಂದಳು.

ಪೇಪರಿನಲ್ಲಿ ವಿಷಾನಿಲಕ್ಕೆ ಅಂಜಿ ಮುಖವಾಡ ಹಾಕಿಕೊಂಡ ಸಿಪಾಯಿಗಳ ಚಿತ್ರ ಬಂತು. "ನೋಡ್ರವಾ, ಇವರೂ ನಮ್ಮಂಗ ಬಾಯಿ ಮೂಗು ಕಟ್ಕೊಂಡಾರ. ಅಲ್ಲೂ ಕಾಯಿ ಬಿಡಸಾಕ ಕುಂತಾರೇನ?" ಎಂದಳು ಗಂಗವ್ವ. ಎಲ್ಲರೂ ನಕ್ಕರು, ಚಾಚಿಯೂ ನಕ್ಕಳು. ಬಸುರಿ ಶಮಶಾದ ಮಾತ್ರ ಆ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಪಕ್ಕಕ್ಕಿಟ್ಟಳು.

ಊರಿನಲ್ಲಿ ರಾತ್ರೋರಾತ್ರಿ ರಾಜತಾಂತ್ರಿಕರು ಹುಟ್ಟಿಕೊಂಡರು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡವರು ಬಾಗ್ದಾದಿನಿಂದ ಟ್ಯಾಂಕು ಹೊರಡಿಸುತ್ತಿದ್ದರು. ನಮ್ಮ ವಿದೇಶಾಂಗ ಸಚಿವರು ಬಾಗ್ದಾದಿಗೆ ಹೋಗಿ ಇರಾಕಿನ ಅಧ್ಯಕ್ಷರನ್ನು ಅಪ್ಪಿಕೊಂಡ ಸುದ್ದಿ ಬಂದಾಗಲಂತೂ ಎರಡು ಪಕ್ಷಗಳಾದವು. ಊರೇ ನುಂಗಿದವನನ್ನು ಅಪ್ಪಿಕೊಳ್ಳುವುದೇ ಎಂದು ಒಬ್ಬರು, ಕೆಲಸ ಆಗಬೇಕಾದರೆ ಅಪ್ಪಿಕೊಳ್ಳಲೇಬೇಕು ಎಂದು ಇನ್ನೊಬ್ಬರು. ನಾನೂ ಕಾಲೇಜಿನಲ್ಲಿ ಕಲಿತ ತತ್ವಗಳನ್ನೆಲ್ಲ ಹಿಡಿದು ಚಾಚಿಯ ಮುಂದೆ ಅದನ್ನು ಖಂಡಿಸಿದೆ. ಆಕೆ ಕೇಳುವವರೆಗೂ ಕೇಳಿ, "ಅಪ್ಕೊಳ್ಳಲಿ ಬಿಡವಾ. ಮುದ್ದ ಬೇಕಾದ್ರೂ ಕೊಡ್ಲಿ. ನಮ್ಮ ಹುಡುಗ್ರಿಗೆ ದಾರಿ ಬಿಟ್ರ ಸಾಕು" ಎಂದಳು. ಆ ವರ್ಷ ನಾನು ಕೇಳಿದ ವಿದೇಶಾಂಗ ನೀತಿಯ ಪಾಠಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ದಾರಿ ಬಿಟ್ಟರು. ಕುವೈತಿನಿಂದ ಬಾಗ್ದಾದಿನ ಮೇಲೆ ಹಾಯ್ದು, ಮರಳುಗಾಡು ದಾಟಿ ಜೋರ್ಡಾನಿಗೆ ಬಸ್ಸು, ಅಲ್ಲಿಂದ ಮುಂಬೈಗೆ ವಿಮಾನ. ನಮ್ಮವರನ್ನು ಹಿಂಡುಹಿಂಡಾಗಿ ಕರೆತರುತ್ತಿದ್ದಾರೆ ಎಂದು ರೇಡಿಯೋ ದಿನವೂ ಹೇಳುತ್ತಿತ್ತು. ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ರಾಣೇಬೆನ್ನೂರಿನವನೊಬ್ಬ ಚಾಚಿಯ ಮನೆ ಕೇಳುತ್ತ ಅಂಗಡಿಗೇ ಬಂದ. ಮೌನೇಶ ಅಂತ, ಕುವೈತಿನಲ್ಲಿ ಬಡಿಗ. ಮೈಯೆಲ್ಲ ಬಿಸಿಲಿಗೆ ಸುಲಿದಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೆ ಏನೂ ಇರಲಿಲ್ಲ. ನಾಲ್ಕು ವರ್ಷದ ದುಡಿಮೆಯ ಪೆಟ್ಟಿಗೆಯನ್ನು ಮರಳಿನಲ್ಲೇ ಬಿಟ್ಟು ಬಂದಿದ್ದ.

"ನಮ್ಮ ಬಸ್ ಹೊಡದವನ ನಿಮ್ಮ ರಫೀಕನ್ರಿ" ಎಂದ. "ನೀರಿಲ್ಲ, ನೆರಳಿಲ್ಲ. ಹೆಣ್ಮಕ್ಕಳು, ಕೂಸು ಎಲ್ಲಾ ಅದಾರ. ನಿದ್ದಿ ಬರಬಾರದಂತ ಅಂವ ಬಾಯಾಗ ಒಣ ಮೆಣಸಿನಕಾಯಿ ಇಟ್ಕೊಂಡು ಗಾಡಿ ಹೊಡದಾನ. ಅವ್ವ ಕೊಟ್ಟ ಕಾಯಿ ಅಂತ ಹೇಳ್ತಿದ್ದ. ಜೋರ್ಡಾನ್ ಗಡಿಯಾಗ ನಮ್ಮನ್ನ ಇಳಿಸಿ, ಬಸ್ ಹೊಳ್ಳಿಸ್ಕೊಂಡು ವಾಪಸ್ ಹೋದಾ."

"ವಾಪಸ್ ಅಂದ್ರ?" ಎಂದಳು ಶಮಶಾದ.

"ಇನ್ನೂ ಭಾಳ ಮಂದಿ ಉಳದಾರ, ಡ್ರೈವರ್ ಇಲ್ಲ ಅಂದಾ ತಂಗಿ. ನಾವು ಕೈ ಮುಗದ್ವಿ, ಕೇಳ್ಲಿಲ್ಲ. ಅವ್ವಗ ಹೇಳು ಅಂದಾನ, ಲೈನ್ ಸಿಕ್ಕ ದಿನ ಸಾವ್ಕಾರ್ರ ಅಂಗಡಿಗೆ ಫೋನ್ ಮಾಡ್ತೇನಿ, ನಂಗ ಬಾಯಿಲೆ ಬರೂದು ಆ ನಂಬರ್ ಒಂದ ಅಂತ."

ಚಾಚಿ ಎದ್ದು ನಿಂತಳು. "ನೀ ಯಾಕ ಅವನ ರಟ್ಟಿ ಹಿಡದು ಇಳಿಸ್ಲಿಲ್ಲ? ನನ್ನ ಮಗ ನಿಮ್ಮನ್ನೆಲ್ಲಾ ದಾಟಿಸಿದಾ, ನಿಮ್ಮಾಗ ಒಬ್ಬರಿಗರ ಅವನ ಕೈ ಹಿಡಿಯೂದ ಆಗ್ಲಿಲ್ಲೇನ?" ಆ ದೊಡ್ಡ ಆಳು ಅಲ್ಲೇ ಕಟ್ಟೆಯ ಮೇಲೆ ಕೂತು ಅಳತೊಡಗಿದ. ಸ್ವಲ್ಪ ಹೊತ್ತು ನೋಡಿ ಚಾಚಿಯೇ ಅವನ ಮುಂದೆ ಚಹದ ಕಪ್ಪು ಇಟ್ಟಳು. "ಕುಡಿಯಪಾ. ನೀನಾರ ಬಂದ್ಯಲ್ಲ. ನಿಮ್ಮವ್ವ ಕಾಯಾಕತ್ತಿರತಾಳ, ಲಗೂ ಹೋಗು" ಎಂದು ಬಸ್ ಸ್ಟ್ಯಾಂಡಿನ ತನಕ ತಾನೇ ಕಳಿಸಿ ಬಂದಳು.

ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ಬರಬೇಕಾದವರನ್ನೆಲ್ಲ ಕರೆತರಲಾಗಿದೆ ಎಂದು ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದೆ. "ಎಲ್ಲಾರೂ ಅಂದ್ರ ಯಾರ್ಯಾರವಾ?" ಎಂದಳು ಚಾಚಿ. ನಾನು ಪೇಪರನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ನವೆಂಬರಿನಲ್ಲಿ ಶಮಶಾದಳಿಗೆ ಹೆಣ್ಣು ಕೂಸು ಹುಟ್ಟಿತು. ಅಷ್ಟರಲ್ಲಿ ಅತ್ತ ಅಮೆರಿಕದ ದಂಡು ದುಪ್ಪಟ್ಟಾಗಿತ್ತು. ಜನವರಿ ಮಧ್ಯದೊಳಗೆ ಕುವೈತು ಬಿಡದಿದ್ದರೆ ಯುದ್ಧ ಎಂದು ವಿಶ್ವಸಂಸ್ಥೆ ಗಡುವು ಹಾಕಿತು.

ನಮ್ಮ ಊರಿನಲ್ಲೂ ಒಂದು ಗಡುವಿತ್ತು. ಹೊಸ ಮೆಣಸಿನಕಾಯಿ ಬರುವ ಹೊತ್ತಿಗೆ ದಲಾಲರೆಲ್ಲ ಹಳೇ ಪೇಟೆ ಬಿಟ್ಟು ಊರ ಹೊರಗಿನ ಹೊಸ ಮಾರ್ಕೆಟ್ ಯಾರ್ಡಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಪ್ಪನಿಗೂ ಅಲ್ಲಿ ಅಂಗಡಿಯಾಗಿತ್ತು. ತಕ್ಕಡಿ, ಗಾದಿ, ಲೋಡು, ದೇವರ ಫೋಟೋ ಎಲ್ಲ ಸಾಗಿದವು. ಉಳಿದದ್ದು ಫೋನು. ಅದನ್ನು ಅಲ್ಲಿಗೆ ಒಯ್ದರೆ ನಂಬರು ಬದಲಾಗುತ್ತದೆ ಎಂದು ಲೈನ್‌ಮನ್ ಯಲ್ಲಪ್ಪ ಹೇಳಿದ್ದ. ಹೊಸದೊಂದು ಬೇಕೆಂದರೆ ವರ್ಷಗಟ್ಟಲೆ ಕಾಯುವ ಕಾಲ ಅದು. ಫೋನಿಲ್ಲದ ದಲಾಲಿ ಅಂದರೆ ಕಣ್ಣು ಕಟ್ಟಿಕೊಂಡು ಹರಾಜಿನ ಸವಾಲಿಗೆ ನಿಂತಂತೆ. ಗುಂಟೂರಿನ ದರ, ಮುಂಬೈಯ ದರ ಉಳಿದವರಿಗೆಲ್ಲ ಗೊತ್ತಾದ ಮೇಲೆ ನಮಗೆ.

ಯಲ್ಲಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಬಂದ ದಿನ ನಾನು ಅಲ್ಲಿದ್ದೆ. ಚಾಚಿ ಯಾರನ್ನೂ ಬೇಡಲಿಲ್ಲ. ಬುಟ್ಟಿ ತಂದು ಫೋನಿನ ಹಲಗೆಯ ಕೆಳಗೆ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕಾಯಿ ಬಿಡಿಸುತ್ತ ಕೂತಳು. ಯಲ್ಲಪ್ಪ ವೈರು ಬಿಚ್ಚಬೇಕೆಂದರೆ ಆಕೆಯ ತಲೆಯ ಮೇಲಿಂದ ಕೈ ಚಾಚಬೇಕು. ಅವನು ಅಪ್ಪನ ಮುಖ ನೋಡಿದ. ಅಪ್ಪ ಚಾಚಿಯನ್ನು ನೋಡಿದ, ಫೋನನ್ನು ನೋಡಿದ, ಎದುರಿಗಿದ್ದ ನನ್ನನ್ನು ಕಾರಣವಿಲ್ಲದೆ ಗದರಿದ. ಆಮೇಲೆ ಯಲ್ಲಪ್ಪನಿಗೆ, "ನಾಳೆ ಬಾ" ಅಂದ.

ಮರುದಿನವೂ ನಾಳೆ ಬಾ. ಅದರ ಮರುದಿನವೂ ಅದೇ. ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ಬರೆಯುವ ಆ ಎರಡು ಶಬ್ದಗಳನ್ನು ಅಪ್ಪ ಸರ್ಕಾರಿ ನೌಕರನ ಮೇಲೆ ಪ್ರಯೋಗಿಸಿದ. ಪಾಪದ ಯಲ್ಲಪ್ಪ ಸೈಕಲ್ಲಿನಿಂದ ಇಳಿಯುವುದನ್ನೂ ಬಿಟ್ಟು, ಒಂದು ಕಾಲು ಊರಿ, "ನಾಳೆ ಬರ್ಲೇನ್ರಿ?" ಎಂದು ತಾನೇ ಕೇಳಿ ಹೋಗತೊಡಗಿದ. ತೊಟ್ಟು ಬಿಡಿಸುವ ಹೆಂಗಸರನ್ನು ಹಳೇ ಅಂಗಡಿಯಲ್ಲೇ ಕೂಡಿಸುವ ವ್ಯವಸ್ಥೆಯಾಯಿತು. ಹೊಸ ಅಂಗಡಿಯಲ್ಲಿ ಜಾಗ ಸಾಲದು ಎಂದು ಅಪ್ಪ ಕಾರಣ ಹೇಳಿದ. ಅಲ್ಲಿ ಎರಡು ಲಾರಿ ನಿಲ್ಲುವಷ್ಟು ಜಾಗವಿತ್ತು. ಅಪ್ಪನಿಗೆ ಒಳ್ಳೆಯ ಕೆಲಸ ಮಾಡುವುದಕ್ಕಿಂತ ಅದನ್ನು ಒಪ್ಪಿಕೊಳ್ಳುವುದು ಹೆಚ್ಚು ಕಷ್ಟ. ಆ ಹಂಗಾಮಿನಲ್ಲಿ ಆತ ದರ ಕೇಳಲು ಯಾರ್ಡಿನಿಂದ ಹಳೇ ಪೇಟೆಗೆ, ಹಳೇ ಪೇಟೆಯಿಂದ ಯಾರ್ಡಿಗೆ ಧೋತರ ಎತ್ತಿ ಕಟ್ಟಿ ಓಡಾಡಿದ. ಎಷ್ಟೋ ಸಲ ಆತ ಮುಟ್ಟುವಷ್ಟರಲ್ಲಿ ಸವಾಲು ಮುಗಿದಿರುತ್ತಿತ್ತು. ಬಾಯಿ ತುಂಬ ಎಲ್ಲರನ್ನೂ ಬೈಯುತ್ತಿದ್ದ, ಫೋನನ್ನು ಮಾತ್ರ ಬೈಯಲಿಲ್ಲ.

ಜನವರಿಯ ಎರಡನೇ ವಾರದಲ್ಲಿ ಇರಾಕಿನವರೂ ಅಮೆರಿಕದವರೂ ಜಿನೀವಾದಲ್ಲಿ ಎದುರುಬದುರು ಕೂತರು. ಯುದ್ಧ ತಪ್ಪೀತೇ ಎಂದು ಚಾಚಿ ಅಪ್ಪನನ್ನು ಕೇಳಿದಳು. ಹಳೆಯ ಕಾಲದಲ್ಲಿ ನಮ್ಮ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಕುದುರಿಸುವ ಪದ್ಧತಿ ಇತ್ತು. ಅಪ್ಪ ಅದರಲ್ಲಿ ಪಳಗಿದವನು. "ಇಲ್ಲ ಖಾತುಂಬಿ, ತಪ್ಪೂದಿಲ್ಲ" ಎಂದ. "ಊರೆಲ್ಲಾ ಕೇಳುವಂಗ ದರ ಕೂಗಿ ಹೇಳಿದ ಮ್ಯಾಲೆ ಯಾವಂವ ಇಳೀತಾನ? ನಾಚಿಕಿ ಬರತೈತಿ. ಟವೆಲ್ ಕೆಳಗ ಮಾತಾಡ್ಬೇಕಿತ್ತು ಇವ್ರು." ಹಾಗೇ ಆಯಿತು. ಗಡುವು ಮುಗಿದು ಎರಡು ದಿನಕ್ಕೆ ಬಾಂಬು ಬಿದ್ದವು.

ಆ ವಾರಗಳು ಈಗಲೂ ಕಣ್ಣ ಮುಂದಿವೆ. ಸೀಮೆಎಣ್ಣೆಗೆ ಡಬ್ಬಿಗಳ ಸಾಲು, ಡೀಸೆಲ್ ಇಲ್ಲದೆ ಮೋಟೆಬೆನ್ನೂರಿನ ರಸ್ತೆಯ ಬದಿಗೆ ನಿಂತ ಲಾರಿಗಳು, ಅವುಗಳ ಮೇಲೆ ಕೆಂಪಗೆ ಒಣಗುತ್ತಿರುವ ಚೀಲಗಳು. ಒಬ್ಬ ಹುಡುಗ ಇರಾಕಿನ ಅಧ್ಯಕ್ಷನ ಚಿತ್ರವನ್ನು ಆಟೋಗೆ ಅಂಟಿಸಿಕೊಂಡು ಬಂದು ಚಾಚಿಗೆ ಹೆಮ್ಮೆಯಿಂದ ತೋರಿಸಿದ. "ನಿನ್ನ ಈ ಹೀರೋ ನನ್ನ ಮಗ ಇರೋ ಊರಿಗೆ ಹೊಕ್ಕಾನಲ್ಲೋ. ಯಾವ ಸಂತೋಷಕ್ಕ ಹಚ್ಚೀದಿ?" ಎಂದು ಅವನನ್ನು ಅಟ್ಟಿದಳು. ಇನ್ನೊಬ್ಬ, ಮುಂಬೈಯಲ್ಲಿ ಅಮೆರಿಕದ ವಿಮಾನಗಳಿಗೆ ಎಣ್ಣೆ ತುಂಬಿಸಿದ ಸುದ್ದಿ ಹಿಡಿದುಕೊಂಡು, "ಈಗ ಹೊಡೀತಾರ ನೋಡ್ರಿ ಬರೋಬ್ಬರಿ" ಎಂದು ಕಟ್ಟೆಯ ಮೇಲೆ ಕೂತು ಖುಷಿಪಟ್ಟ. ಅವನಿಗೆ ಗಂಗವ್ವ ಕೈತುಂಬ ಕಾಯಿ ಹಿಡಿದು ತೋರಿಸಿ, "ಏಳ್ತೀಯೋ, ಮುಖಕ್ಕ ತಿಕ್ಕಲೋ?" ಎಂದಳು. ಅವನು ಎದ್ದ.

ಹೆಂಗಸರು ಈಗ ಫೋನನ್ನು ಪಾಳಿ ಹಚ್ಚಿ ಕಾಯುತ್ತಿದ್ದರು. ಎಳೆ ಬಾಣಂತಿ ಶಮಶಾದಳೇ ತಂಪುಗೈಯಾಕಿ. ಕೂಸನ್ನು ಜೋಳಿಗೆಯಲ್ಲಿ ತೂಗುತ್ತ, ಒಂದು ಕಣ್ಣು ಹಲಗೆಯ ಮೇಲಿಟ್ಟು ಕೂರುತ್ತಿದ್ದಳು. ಚಾಚಿಯ ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ. ಯುದ್ಧ ಶುರುವಾದ ಮೇಲೆ ಆಕೆ ಎರಡರಷ್ಟು ಕಾಯಿ ಬಿಡಿಸುತ್ತಿದ್ದಳು. ಕಣ್ಣಿಂದ ನೀರು ಸುರಿದಾಗ ಕೈ ಮೇಲೆತ್ತುತ್ತಿರಲಿಲ್ಲ, ಮುಖವನ್ನಷ್ಟೇ ಸೊಸೆಯ ಕಡೆ ತಿರುಗಿಸುತ್ತಿದ್ದಳು. ಸೊಸೆ ಒರೆಸುತ್ತಿದ್ದಳು.

ಫೆಬ್ರವರಿಯ ಕೊನೆಗೆ ಯುದ್ಧ ನಿಂತಿತು. ಉರಿಯುವ ಎಣ್ಣೆಬಾವಿಗಳ ಹೊಗೆಯಲ್ಲಿ ಹಗಲೇ ಕತ್ತಲಾದ ಕುವೈತಿನ ಚಿತ್ರ ನೋಡಿ ನಾನು ಪೇಪರು ಓದಿ ಹೇಳುವುದನ್ನು ನಿಲ್ಲಿಸಿಬಿಟ್ಟೆ. ಯಾರೂ ಕೇಳಲೂ ಇಲ್ಲ.

ಮಾರ್ಚಿನಲ್ಲಿ ಒಂದು ಶುಕ್ರವಾರ. ಲಾರಿ ಬಂದು ನಿಂತಿತ್ತು, ಸಂಜೆಯೊಳಗೆ ಮಾಲು ತುಂಬಬೇಕಿತ್ತು. ಶಮಶಾದ ಕೂಸಿಗೆ ಲಸಿಕೆ ಹಾಕಿಸಲು ದವಾಖಾನೆಗೆ ಹೋಗಿದ್ದಳು. ಅವಳ ಬದಲು ಗಂಗವ್ವ ತಂಪುಗೈಯಾಕಿಯಾಗಿ ಕೂರಬೇಕಿತ್ತು. ಆದರೆ ರಾಶಿ ಇನ್ನೂ ಇಷ್ಟೆತ್ತರ ಉಳಿದದ್ದು ನೋಡಿ, ಶಮಶಾದ ಈಗ ಬಂದೇ ಬಿಡುತ್ತಾಳೆ ಎಂದು ಅವಳೂ ಕೈ ಹಾಕಿದ್ದಳು. ನಾನು ಕಾಲೇಜಿನಿಂದ ಬಂದು ಓಣಿಯ ತಿರುವಿನಲ್ಲಿದ್ದೆ. ಫೋನು ಕೂಗುವುದು ಕೇಳಿಸಿತು. ಕೂಗುತ್ತಲೇ ಇತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಬಾಗಿಲಲ್ಲಿ ಕಂಡದ್ದು ಇದು. ಹೆಂಗಸರೆಲ್ಲ ಎದ್ದು ನಿಂತಿದ್ದಾರೆ, ಪೊಲೀಸರು ಬಂದೂಕು ಹಿಡಿದು ನಿಲ್ಲಿಸಿದವರ ಹಾಗೆ ಎರಡೂ ಕೈ ಮೇಲೆತ್ತಿಕೊಂಡು. ಫೋನಿನ ಹತ್ತಿರ ಯಾರೂ ಇಲ್ಲ. ಹಿತ್ತಲಿನ ಬಚ್ಚಲಲ್ಲಿ ಚಾಚಿ ಬಗ್ಗಿ ಕೂತು ಕೈಗೆ ಎಣ್ಣೆ ಹಚ್ಚಿ, ಹುಣಸೆ ತಿಕ್ಕಿ, ತೊಳೆಯುತ್ತಿದ್ದಾಳೆ. "ಬಂದೆ, ಬಂದೆ" ಎಂದು ಫೋನಿಗೆ ಒದರಿ ಹೇಳುತ್ತಿದ್ದಾಳೆ. ನಾನು ಹೊಸ್ತಿಲು ದಾಟಿದೆ. ಗಂಟೆ ನಿಂತಿತು.

ಆಕೆ ಒದ್ದೆ ಕೈಯಲ್ಲಿ ಬಂದು ರಿಸೀವರು ಎತ್ತಿದಳು. ಅದರೊಳಗೆ ಬರೀ ಗುಂಯ್ ಅನ್ನುವ ಸದ್ದು. ಆ ಸದ್ದಿಗೇ, "ಬೇಟಾ? ಬೇಟಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹಸುಗೂಸು ಎತ್ತೂ ಮುಂದ ಕೈ ತೊಳಕೋತೇವಲ್ಲವಾ, ಹಂಗ ಅನಿಸ್ತು ನನಗ" ಎಂದಳು.

ಅಪ್ಪ ಬಂದ. ಎಲ್ಲರೂ ಬೈಗುಳಕ್ಕೆ ತಯಾರಾಗಿ ನಿಂತರು. ಅಪ್ಪ ಮಾತಿಲ್ಲದೆ ಎಕ್ಸ್‌ಚೇಂಜಿಗೆ ಹಚ್ಚಿ ವಿಚಾರಿಸಿದ. "ಫಾರಿನ್ ಲೈನ್ ಇತ್ತಂತ" ಎಂದು ಹೇಳಿ ರಿಸೀವರನ್ನು ಮೆಲ್ಲಗೆ ಇಟ್ಟ. ಹಾಗಾದರೆ ಕುವೈತಿನದೇ. ಆದರೆ ಮಾಡಿದವನು ರಫೀಕನೋ, ರಫೀಕನ ಸುದ್ದಿ ಹೇಳಬೇಕಾದ ಇನ್ನಾರೋ? ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡು ಬಂದ ಶಮಶಾದ ಎಲ್ಲರ ಮುಖ ನೋಡಿ ಬಾಗಿಲಲ್ಲೇ ನಿಂತಳು. ಚಾಚಿ ತಾನೇ ಎದ್ದು ಹೋಗಿ ಸೊಸೆಗೆ ಆದದ್ದನ್ನು ಹೇಳಿದಳು. ಶಮಶಾದ ಅತ್ತೆಯ ಒದ್ದೆ ಕೈಗಳನ್ನು ಸೆರಗಿನಿಂದ ಒರೆಸಿದಳು.

"ಇನ್ನ ಯಾರೂ ಕಾಯಿ ಮುಟ್ಟಬ್ಯಾಡ್ರಿ" ಎಂದ ಅಪ್ಪ. "ಎಲ್ಲಾರೂ ಕೈ ತೊಳಕೊಂಡು ಕುಂದ್ರಿ."

"ಲಾರಿ ನಿಂತೈತ್ರಿ ಸಾವ್ಕಾರ್ರ" ಎಂದಳು ಗಂಗವ್ವ.

"ನಿಲ್ಲಲಿ. ಅದಕ್ಕೇನ ಕಾಲು ನೋಯ್ತಾವೇನ?"

ಹಂಗಾಮಿನ ನಟ್ಟನಡುವೆ, ಬಿಡಿಸದ ಕಾಯಿ ರಾಶಿ ಬಿದ್ದಿರುವಾಗ, ಅಷ್ಟೂ ಹೆಂಗಸರು ಎಣ್ಣೆ ಹುಣಸೆ ಹಚ್ಚಿ ಕೈ ತೊಳೆದು ಫೋನಿನ ಸುತ್ತ ಕೂತರು. ಸುಮ್ಮನಿದ್ದು ರೂಢಿಯಿಲ್ಲದ ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಡಿಲಲ್ಲಿಟ್ಟರು, ಬಗಲಲ್ಲಿಟ್ಟರು, ಕಡೆಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅಪ್ಪ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತ. ದೀಪ ಹಚ್ಚುವ ಹೊತ್ತಾಯಿತು. ಫೋನು ಬರಲಿಲ್ಲ. ಲಾರಿಯನ್ನು ಇನ್ನೊಬ್ಬ ದಲಾಲ ತುಂಬಿಸಿಕೊಂಡ.

ಮರುದಿನವೂ ಹೆಂಗಸರು ಬಂದರು, ಕೈ ತೊಳೆದು ಕೂತರು. ನಾನು ಕಾಲೇಜಿಗೆ ಹೋಗಲಿಲ್ಲ. ಬಿಸಿಲು ಹೊಸ್ತಿಲಿನವರೆಗೆ ಬಂದಿತ್ತು. ಫೋನು ಕೂಗಿತು.

ಎತ್ತಲು ಅಷ್ಟು ಕೈಗಳು ತಯಾರಿದ್ದವು. ಆದರೆ ಎಲ್ಲರೂ ಚಾಚಿಯನ್ನೇ ನೋಡಿದರು. ಆಕೆಗೆ ಏಳಲು ಆಗಲಿಲ್ಲ. ಸೊಸೆಗೆ ಕಣ್ಣಲ್ಲೇ ಹೇಳಿದಳು. ಶಮಶಾದ ಎದ್ದು ರಿಸೀವರು ಎತ್ತಿ ಕಿವಿಗಿಟ್ಟಳು. ಅತ್ತಲಿನ ಮಾತು ಕೇಳಿಸಿಕೊಂಡಳು. ಅವಳ ಮುಖ ನೋಡುತ್ತಿದ್ದ ನಮಗೆ ಆ ಒಂದು ಗಳಿಗೆ ದಾಟುವುದೇ ಕಷ್ಟವಾಯಿತು. ಆಮೇಲೆ ಅವಳು, ನಿನ್ನೆಯಿಂದ ಅದೊಂದಕ್ಕೇ ಉತ್ತರ ಸಿದ್ಧ ಮಾಡಿಟ್ಟುಕೊಂಡವಳ ಹಾಗೆ, "ಅತ್ತಿ ನಿನ್ನಿ ಕೈ ತೊಳಕೊಳ್ಳಾಕ ಹೋಗಿದ್ರು" ಎಂದಳು.

ಅತ್ತ ಕಡೆ ರಫೀಕ ಗಹಗಹಿಸಿ ನಕ್ಕದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಆ ನಗೆ ನಡುವೆಯೇ ಮುರಿದದ್ದೂ ಕೇಳಿಸಿತು. ಯುದ್ಧ ಮುಗಿಯುವವರೆಗೆ ಕುವೈತಿನಲ್ಲೇ ಸಿಕ್ಕಿಕೊಂಡಿದ್ದವನು, ಸಾಲಿನಲ್ಲಿ ನಿಂತು ನಿಂತು ಸಿಕ್ಕ ಲೈನನ್ನು ಹಿಂದಿನ ದಿನ ಯಾರೂ ಎತ್ತದೇ ಹೋದಾಗ, ಅವ್ವ ಹೋಗಿಬಿಟ್ಟಿದ್ದಾಳೆ, ಅದಕ್ಕೇ ಅಂಗಡಿ ಮುಚ್ಚಿದ್ದಾರೆ ಅಂದುಕೊಂಡನಂತೆ. ಅವ್ವ ಕೈ ತೊಳೆಯಲು ಹೋಗಿದ್ದಳು ಅಂದರೆ ಅವ್ವ ಇದ್ದಾಳೆ, ಕಾಯಿ ಬಿಡಿಸುತ್ತಿದ್ದಾಳೆ, ಊರು ಇದ್ದಲ್ಲೇ ಇದೆ. ಶಮಶಾದ ಕೂಸಿನ ಬಾಯಿಗೆ ರಿಸೀವರು ಹಿಡಿದಳು. ಹಂಗಾಮು ಪೂರ್ತಿ ಘಾಟಿಗೆ ಅತ್ತ ಕೂಸು ಅವತ್ತೇ ಸುಮ್ಮನಿತ್ತು.

ಕಡೆಗೆ ಚಾಚಿಯ ಕೈಗೆ ಬಂತು. ಆಕೆ ಬಯ್ಯುತ್ತಾಳೆ ಅಂದುಕೊಂಡಿದ್ದೆವು. ಆಕೆ ಕೇಳಿದಳು, ಹೂಂ ಅಂದಳು, ಮತ್ತೆ ಕೇಳಿದಳು. ಆಮೇಲೆ ಹೇಳಿದ್ದು ಒಂದೇ ಮಾತು. "ಎಲ್ಲಾರನ್ನೂ ಅವರವರ ಮನಿ ಮುಟ್ಟಿಸೀದಿ. ಇನ್ನ ನೀ ಬಾ."

ರಿಸೀವರು ಇಟ್ಟು ಆಕೆ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಅವು ಸ್ವಚ್ಛವಾಗಿದ್ದವು. ಆ ಹಂಗಾಮಿನಲ್ಲಿ ಮೊದಲ ಸಲ ತನ್ನ ಕಣ್ಣನ್ನು ತಾನೇ ಒರೆಸಿಕೊಂಡಳು.

ರಂಜಾನ್ ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ರಫೀಕ ಬಂದ. ಮನೆಯಲ್ಲಿ ಒಂದು ಗಳಿಗೆ ಕೂತು, ಕೂಸನ್ನು ಎತ್ತಿಕೊಂಡು ನೇರ ಹಳೇ ಅಂಗಡಿಗೆ ಬಂದು ಅಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ. ತೀರ ಸೊರಗಿದ್ದ. ಇಬ್ಬರೂ ಈ ವರ್ಷದ ಮಳೆಯ ಮಾತಾಡುತ್ತಿದ್ದರು. ಸೈಕಲ್ಲಿನ ಮೇಲೆ ಹಾಯ್ದುಹೋಗುತ್ತಿದ್ದ ಯಲ್ಲಪ್ಪ ರೂಢಿಯಂತೆ ಒಂದು ಕಾಲು ಊರಿ ಬಾಯಿ ತೆರೆದವನು, ರಫೀಕನನ್ನು ನೋಡಿ ಹಾಗೇ ನಿಂತ. ಆಮೇಲೆ ಏನೂ ಕೇಳದೆ ಸೈಕಲ್ಲನ್ನು ಗೋಡೆಗೆ ಆನಿಸಿ, ಚೀಲ ಹೆಗಲಿಗೇರಿಸಿ, ಕಟ್ಟೆ ಹತ್ತಿ ಒಳಗೆ ಹೋದ. ಒಳಗಿನಿಂದ ವೈರು ಬಿಚ್ಚುವ ಸಪ್ಪಳ ಬಂತು. ಅಪ್ಪ ಅವತ್ತು 'ನಾಳೆ ಬಾ' ಅನ್ನಲಿಲ್ಲ.